ದೇವರಿಗೆ ಮುಡಿ, ದೊರೆಗೆ ಪೇಟ

ಮೈಸೂರು ಅರಸರ ಪಟವನ್ನು ದೇವರ ಪಟಗಳ ಸಾಲಿನಲ್ಲೇ ತೂಗುಹಾಕುವ ಮನೆಗಳು ಮಂಡ್ಯ ಸೀಮೆಯಲ್ಲಿ ಇಂದಿಗೂ ಇವೆ. ಹೆಚ್ಚಾಗಿ ಅದು ನಾಲ್ವಡಿ ಕೃಷ್ಣರಾಜ ಒಡೆಯರ ಪಟ. ಕನ್ನಂಬಾಡಿ ಕಟ್ಟೆ ಕಟ್ಟಿಸಿ ನಾಲೆಗೆ ನೀರು ಬಿಟ್ಟವರೆಂಬ ಋಣ ಅದಕ್ಕೆ ಕಾರಣ. ದಿನವೂ ಆ ಪಟದ ಕೆಳಗೇ ಓಡಾಡಿ ಬೆಳೆದವರು ಕೂಡ ಅದರಲ್ಲಿರುವ ಒಂದು ಸಂಗತಿಯನ್ನು ಅಷ್ಟಾಗಿ ಗಮನಿಸಿರುವುದಿಲ್ಲ. ದೊರೆಯ ತಲೆಯ ಮೇಲೆ ಕಿರೀಟವಿಲ್ಲ, ಪೇಟವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಚಿತ್ರ ನೋಡಿ, ಹತ್ತನೆಯ ಚಾಮರಾಜ ಒಡೆಯರ ಚಿತ್ರ ನೋಡಿ, ಕೊನೆಯ ಮಹಾರಾಜರಾದ ಜಯಚಾಮರಾಜ ಒಡೆಯರ ಚಿತ್ರ ನೋಡಿ. ಮುತ್ತು, ಹರಳು, ತುರಾಯಿ ಎಲ್ಲವೂ ಇವೆ. ಅವೆಲ್ಲ ಸುತ್ತಿದ ಬಟ್ಟೆಯ ಮೇಲೆ ಕೂತಿವೆ.

ಕಿರೀಟ ಮಾಡಿಸಲು ಅವರಿಗೆ ಚಿನ್ನದ ಬಡತನವಿರಲಿಲ್ಲ. ಮಾಡಿಸಿದರು. ಮಾಡಿಸಿ ಮೇಲುಕೋಟೆಯ ಚೆಲುವನಾರಾಯಣಸ್ವಾಮಿಗೆ ಒಪ್ಪಿಸಿದರು. ರಾಜ ಒಡೆಯರು ಕೊಟ್ಟದ್ದು ರಾಜಮುಡಿ, ಮುಮ್ಮಡಿ ಕೃಷ್ಣರಾಜ ಒಡೆಯರು ಕೊಟ್ಟದ್ದು ಕೃಷ್ಣರಾಜಮುಡಿ. ಎರಡೂ ಇವತ್ತಿಗೂ ಉತ್ಸವದಲ್ಲಿ ದೇವರ ತಲೆಯೇರುತ್ತವೆ. ಮೈಸೂರು ದರ್ಬಾರಿನ ಚರಿತ್ರೆಯನ್ನು ಸಿಂಹಾಸನ, ಅಂಬಾರಿ, ಅರಮನೆಯ ದೀಪಗಳಿಂದ ಆರಂಭಿಸುವುದು ವಾಡಿಕೆ. ಬೆಳಕವಾಡಿ, ಮಳವಳ್ಳಿ, ಮದ್ದೂರಿನ ಕಡೆಯ ಓದುಗರ ಕೈ ಸೇರುವ ಈ ಸಂಚಿಕೆಯಲ್ಲಿ ಅದನ್ನು ತಲೆಯುಡುಗೆಯಿಂದ ಹೇಳಬೇಕೆಂದು ನನಗೆ ಅನ್ನಿಸಿತು. ಚಿನ್ನದ ಮುಡಿಯನ್ನು ದೇವರಿಗೆ ಬಿಟ್ಟು ತಾನು ಪೇಟಕ್ಕೆ ನಿಂತ ದೊರೆತನ ಎಂಥದು, ಅದರ ಕಟ್ಟುಪಾಡುಗಳೇನು, ಅದರಲ್ಲಿ ನಮ್ಮ ಸೀಮೆಯ ಪಾಲೆಷ್ಟು ಎಂಬುದು ಇಲ್ಲಿನ ವಿಷಯ.

ಒಡೆಯರಿಗಿಂತ ಬಹಳ ಹಿಂದೆ, ಕಾವೇರಿಯಾಚೆಯ ತಲಕಾಡು ಗಂಗರ ರಾಜಧಾನಿಯಾಗಿತ್ತು. ಆ ಕಾಲದ ಶಾಸನಗಳಲ್ಲಿ ಅರಸನಾಗುವುದೆಂದರೆ ಪಟ್ಟ ಕಟ್ಟಿಸಿಕೊಳ್ಳುವುದು. ಪಟ್ಟ ಎಂದರೆ ಹಣೆಗೆ ಕಟ್ಟುವ ಪಟ್ಟಿ. ಅದನ್ನು ತಾನೇ ಕಟ್ಟಿಕೊಂಡರೆ ಸಾಲದು, ಕಟ್ಟಲು ಇನ್ನೊಬ್ಬರು ಬೇಕು. ಗಂಗರ ಶಿವಮಾರನಿಗೆ ರಾಷ್ಟ್ರಕೂಟ ಗೋವಿಂದನೂ ಪಲ್ಲವ ನಂದಿವರ್ಮನೂ ತಮ್ಮ ಕೈಯಾರೆ ಪಟ್ಟ ಕಟ್ಟಿದರೆಂದು ಶಾಸನ ಹೇಳುತ್ತದೆ. ಅಂದರೆ ದೊರೆತನಕ್ಕೆ ಸಾಕ್ಷಿ ಬೇಕಿತ್ತು, ಸಮಾನರ ಒಪ್ಪಿಗೆ ಬೇಕಿತ್ತು. ಮುಂದೆ ಸಾವಿರ ವರ್ಷ ಕಳೆದರೂ ನಮ್ಮಲ್ಲಿ ಪಟ್ಟಾಭಿಷೇಕ ಎಂಬ ಮಾತೇ ಉಳಿಯಿತು. ಹಣೆಗೆ ಪಟ್ಟ, ತಲೆಗೆ ನೀರು.

ಗಂಗರ ಕಾಲದ ಅರಸೊಲುಮೆಗೆ ಮದ್ದೂರು ತಾಲ್ಲೂಕಿನ ಆತಕೂರಿನಷ್ಟು ಒಳ್ಳೆಯ ಸಾಕ್ಷಿ ಬೇರೆ ಕಡೆ ಸಿಗುವುದು ಕಷ್ಟ. ಹತ್ತನೆಯ ಶತಮಾನದ ನಡುವಿನಲ್ಲಿ, ತಕ್ಕೋಲದ ಕಾಳಗದಲ್ಲಿ ಚೋಳರ ಮೇಲೆ ಗೆದ್ದ ರಾಷ್ಟ್ರಕೂಟ ಮೂರನೆಯ ಕೃಷ್ಣ, ತನ್ನ ಭಾವ ಗಂಗ ಬೂತುಗನ ಕಡೆಯ ಮಣಲೇರನೆಂಬ ಬಂಟನ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕು ಕೇಳು ಎಂದ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಅರಸನ ಕಾಳಿಯೆಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ನಾಯಿ ಹಂದಿಯೊಡನೆ ಹೋರಾಡಿ ಹಂದಿಯ ಜೊತೆಯಲ್ಲೇ ಸತ್ತಾಗ ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಆಸ್ಥಾನದ ಬಹುಮಾನವೆಂದರೆ ಬೆಲೆಯ ಲೆಕ್ಕವಲ್ಲ, ದೊರೆಯ ಕೈಯ ವಸ್ತು ಬಂಟನ ಕೈಗೆ ಬರುವುದು ಎಂಬ ತಿಳಿವಳಿಕೆ ಆ ಕಲ್ಲಿನಲ್ಲಿ ನಿಂತಿದೆ. ಮೈಸೂರು ದರ್ಬಾರಿನ ಖಿಲ್ಲತ್ತಿನವರೆಗೂ, ಅಂದರೆ ದೊರೆ ಕೊಡುವ ಮರ್ಯಾದೆಯ ಉಡುಗೊರೆಯವರೆಗೂ, ಈ ತಿಳಿವಳಿಕೆ ಬದಲಾಗಲಿಲ್ಲ.

ವಿಜಯನಗರದ ಕಾಲಕ್ಕೆ ಆಸ್ಥಾನದ ತಲೆಗೆ ಕುಳ್ಳಾಯಿ ಬಂತು. ಜರತಾರಿ ಬಟ್ಟೆಯ ಎತ್ತರದ ಟೋಪಿ ಅದು. ತಿರುಮಲೆಯಲ್ಲಿ ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತ ಕೃಷ್ಣದೇವರಾಯನ ಲೋಹದ ಪ್ರತಿಮೆಯ ತಲೆಯಲ್ಲಿ, ಲೇಪಾಕ್ಷಿಯ ಚಿತ್ರಗಳಲ್ಲಿ ಅದು ಕಾಣುತ್ತದೆ. ಪರ್ಷಿಯಾ ಕಡೆಯ ಕುಲಾಹವೇ ಇಲ್ಲಿ ಕುಳ್ಳಾಯಿಯಾಯಿತು. ಕುದುರೆಗಳ ಜೊತೆ ಉಡುಗೆಯೂ ಸಮುದ್ರ ದಾಟಿ ಬರುತ್ತಿದ್ದ ಕಾಲ. ದೊಡ್ಡ ಸಾಮ್ರಾಜ್ಯವೊಂದು ಹೊರಗಿನ ಉಡುಗೆಯನ್ನು ಅಳುಕಿಲ್ಲದೆ ತನ್ನದಾಗಿಸಿಕೊಂಡಿತು, ದೇವರ ಮುಂದೆಯೂ ಅದನ್ನೇ ತೊಟ್ಟು ನಿಂತಿತು ಎಂಬುದನ್ನು ಇಂದು ಉಡುಗೆಯ ಹೆಸರಲ್ಲಿ ಜಗಳಾಡುವವರು ನೆನೆಯಬೇಕು.

ಈ ವಿಜಯನಗರದ ಉತ್ತರಾಧಿಕಾರ ತನಗೆ ಬಂತೆಂದು ಮೈಸೂರು ಹೇಳಿಕೊಂಡದ್ದು 1610ರಲ್ಲಿ. ಆ ವರ್ಷ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿಯಿಂದ ವಶಪಡಿಸಿಕೊಂಡು, ಅಲ್ಲೇ ನವರಾತ್ರಿಯ ಒಡ್ಡೋಲಗ ಆರಂಭಿಸಿದರು. ಆ ಕೈಬದಲಾವಣೆಯ ನೋವಿನ ಭಾಗ ನಡೆದದ್ದು ನಮ್ಮ ಹೊಳೆಯ ದಂಡೆಯಲ್ಲೇ ಎಂದು ಕಥೆ. ಪ್ರತಿನಿಧಿಯ ರಾಣಿ ಅಲಮೇಲಮ್ಮ ಒಡವೆಗಳನ್ನು ಸೆರಗಿಗೆ ಕಟ್ಟಿಕೊಂಡು ತಲಕಾಡಿನ ಕಡೆ ಬಂದಳು. ಆ ಒಡವೆಗಳು ಶ್ರೀರಂಗಪಟ್ಟಣದ ರಂಗನಾಯಕಿಗೆ ಮಂಗಳವಾರ, ಶುಕ್ರವಾರ ತೊಡಿಸುವಂಥವು. ಹುಡುಕಿಕೊಂಡು ಬಂದ ಒಡೆಯರ ಕಡೆಯವರಿಗೆ ಸಿಗದೆ ಮಾಲಂಗಿಯ ಮಡುವಿಗೆ ಹಾರಿದಳು. ಹಾರುವ ಮುಂಚೆ ತಲಕಾಡಿಗೆ ಮರಳನ್ನೂ ಮಾಲಂಗಿಗೆ ಮಡುವನ್ನೂ ಮೈಸೂರು ದೊರೆಗಳಿಗೆ ಮಕ್ಕಳಿಲ್ಲದ ಬಾಳನ್ನೂ ಶಪಿಸಿದಳೆಂಬುದನ್ನು ಈ ಸೀಮೆಯ ಮಕ್ಕಳಿಗೆ ಯಾರೂ ಪುಸ್ತಕದಿಂದ ಹೇಳಿಕೊಡಬೇಕಿಲ್ಲ. ಚರಿತ್ರೆಕಾರರು ಶಾಪವನ್ನು ಬದಿಗಿಡುತ್ತಾರೆ. ಅರಮನೆ ಮಾತ್ರ ಬದಿಗಿಡಲಿಲ್ಲ. ಅಲಮೇಲಮ್ಮನ ಮೂರ್ತಿಗೆ ಮೈಸೂರು ಅರಮನೆಯಲ್ಲಿ ಪೂಜೆ ನಡೆದು ಬಂದಿದೆ. ಗೆದ್ದವರ ಮನೆಯೇ ಸೋತವಳಿಗೆ ದೀಪ ಹಚ್ಚುವ ಈ ಪದ್ಧತಿ ಮೈಸೂರು ಆಸ್ಥಾನದ ಪದ್ಧತಿಗಳಲ್ಲೆಲ್ಲ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ರಾಜ ಒಡೆಯರು ಮೇಲುಕೋಟೆಗೆ ಮುಡಿ ಕೊಟ್ಟದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹೊಸದಾಗಿ ರಾಜಧಾನಿ ಗೆದ್ದ ದೊರೆ ತನ್ನ ಹೆಸರಿನ ಕಿರೀಟವನ್ನು ದೇವರಿಗೆ ತೊಡಿಸುತ್ತಾನೆ, ತಾನು ಕೈಮುಗಿದು ಕೆಳಗೆ ನಿಲ್ಲುತ್ತಾನೆ. ಮೇಲುಕೋಟೆಯ ದೇವಾಲಯದ ಕಂಬವೊಂದರಲ್ಲಿ ಅವರ ಉಬ್ಬುಶಿಲ್ಪ ಹಾಗೆಯೇ ಕೈಮುಗಿದು ನಿಂತಿದೆ. 1617ರಲ್ಲಿ ಅವರು ಗರ್ಭಗುಡಿ ಹೊಕ್ಕು ದೇವರಲ್ಲಿ ಐಕ್ಯರಾದರೆಂದು ಊರಿನ ನಂಬಿಕೆ. ಆಳುವವನು ದೇವರು, ತಾನು ಅವನ ಪರವಾಗಿ ನೋಡಿಕೊಳ್ಳುವವನು ಎಂದು ಪ್ರಜೆಗಳ ಎದುರಿಗೆ ತೋರಿಸುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಬಗೆ ಇರಲಿಲ್ಲ. ಇದರಲ್ಲಿ ರಾಜಕಾರಣವೂ ಇತ್ತು, ಭಕ್ತಿಯೂ ಇತ್ತು. ಎರಡನ್ನೂ ಬಿಡಿಸಿ ತೂಗುವ ತಕ್ಕಡಿ ನಮ್ಮ ಬಳಿ ಇಲ್ಲ.

ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಶ್ರೀರಂಗಪಟ್ಟಣದ ಮಹಾನವಮಿ ಹೇಗೆ ನಡೆಯುತ್ತಿತ್ತೆಂಬುದನ್ನು ಗೋವಿಂದ ವೈದ್ಯನ ಕಂಠೀರವ ನರಸರಾಜ ವಿಜಯ 1648ರಲ್ಲೇ ಬಣ್ಣಿಸಿದೆ. ಚಿಕ್ಕದೇವರಾಜ ಒಡೆಯರು ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿ ಅಠಾರ ಕಚೇರಿ ಮಾಡಿದಾಗ, ಓಲಗವೆಂದರೆ ಮೆರವಣಿಗೆ ಮಾತ್ರವಾಗಿ ಉಳಿಯದೆ ಲೆಕ್ಕಪತ್ರದ ಜಾಗವೂ ಆಯಿತು. ಹೈದರಾಲಿಯ ಕಾಲದಲ್ಲಿ ಮಳವಳ್ಳಿ ಅವನ ಮಗ ಟಿಪ್ಪುವಿಗೆ ಜಹಗೀರಾಗಿ ಹೋಯಿತು. ಟಿಪ್ಪು ತನಗಾಗಿ ಮಾಡಿಸಿದ ಹುಲಿಸಿಂಹಾಸನದ ಛತ್ರಿಯ ತುದಿಯಲ್ಲಿ ರತ್ನಖಚಿತ ಹುಮಾ ಪಕ್ಷಿಯಿತ್ತು. ಹುಮಾದ ನೆರಳು ಯಾರ ತಲೆಯ ಮೇಲೆ ಬೀಳುತ್ತದೋ ಅವರು ದೊರೆಯಾಗುತ್ತಾರೆ ಎಂಬುದು ಪರ್ಷಿಯಾ ಕಡೆಯ ನಂಬಿಕೆ. 1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಟಿಪ್ಪುವಿನ ಸೇನೆ ಸೋತು ಹಿಂದೆ ಸರಿಯಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಹುಮಾ ಇಂಗ್ಲೆಂಡಿನ ವಿಂಡ್ಸರ್ ಅರಮನೆಗೆ ಹೋಗಿ ಸೇರಿತು.

ಒಡೆಯರ ಮನೆತನ ಮತ್ತೆ ಪಟ್ಟಕ್ಕೆ ಬಂದದ್ದು ಅದೇ ವರ್ಷ ಜೂನ್ 30ರಂದು. ಮೈಸೂರಿನಲ್ಲಿ ಚಪ್ಪರ ಹಾಕಿ, ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಗದ್ದುಗೆಯಲ್ಲಿ ಕೂರಿಸಲಾಯಿತು. ಒಂದು ಕೈಯನ್ನು ಜನರಲ್ ಹ್ಯಾರಿಸ್ ಹಿಡಿದಿದ್ದ, ಇನ್ನೊಂದನ್ನು ಹೈದರಾಬಾದ್ ನಿಜಾಮನ ಕಡೆಯ ಮೀರ್ ಆಲಂ ಹಿಡಿದಿದ್ದ. ಗಂಗ ಶಿವಮಾರನಿಗೆ ಇಬ್ಬರು ಅರಸರು ಪಟ್ಟ ಕಟ್ಟಿದ ಪದ್ಧತಿಯೇ ಹೊಸ ವೇಷದಲ್ಲಿ ಬಂದಂತಿತ್ತು. ಈ ಸಲ ಕೈ ಹಿಡಿದವರು ಸಮಾನರಲ್ಲ, ಮೇಲಿನವರು. ಮಗುವಿನ ಹಿಂದೆ ಮಹಾರಾಣಿ ಲಕ್ಷ್ಮಮ್ಮಣ್ಣಿಯವರಿದ್ದರು. ರಾಜ್ಯವನ್ನು ಮರಳಿ ಪಡೆಯಲು ದಶಕಗಳ ಕಾಲ ಪತ್ರ ಬರೆದು, ದೂತರನ್ನು ಕಳುಹಿಸಿ ಹೆಣಗಿದವರು ಅವರು. ಮುಂದೆ 1895ರಿಂದ 1902ರವರೆಗೆ ವಾಣಿವಿಲಾಸ ಸನ್ನಿಧಾನದ ಕೆಂಪನಂಜಮ್ಮಣ್ಣಿಯವರು ಮಗ ನಾಲ್ವಡಿಯವರ ಪರವಾಗಿ ರಾಜ್ಯವಾಳಿದರು. ಪೇಟವೂ ಇಲ್ಲದೆ, ಕಿರೀಟವೂ ಇಲ್ಲದೆ, ಸಿಂಹಾಸನವನ್ನೂ ಏರದೆ ಈ ಇಬ್ಬರು ಹೆಂಗಸರು ಮಾಡಿದಷ್ಟು ಕೆಲಸವನ್ನು ಮೈಸೂರಿನ ಎಷ್ಟು ದೊರೆಗಳು ಮಾಡಿದರು ಎಂದು ಕೇಳಬೇಕಾಗಿದೆ. ದರ್ಬಾರಿನ ಚರಿತ್ರೆ ಬರೆದವರು ಅವರನ್ನು ಒಂದೆರಡು ಸಾಲಿನಲ್ಲಿ ಮುಗಿಸುವುದು ಸರಿಯಲ್ಲ.

ಮುಮ್ಮಡಿಯವರ ಕೈಯಿಂದ ಆಡಳಿತವನ್ನು ಬ್ರಿಟಿಷರು 1831ರಲ್ಲಿ ಕಿತ್ತುಕೊಂಡರು. ಅಧಿಕಾರವಿಲ್ಲದ ಮೂವತ್ತೇಳು ವರ್ಷ ಅವರು ಬದುಕಿದರು. ಆ ವರ್ಷಗಳಲ್ಲೇ ದರ್ಬಾರು ಮೈಸೂರಿನ ಸಂಸ್ಥೆಯಾಗಿ ಗಟ್ಟಿಯಾಯಿತು ಎಂಬುದು ನನ್ನ ಅಭಿಪ್ರಾಯ. ರಾಜ್ಯ ಕೈಯಲ್ಲಿಲ್ಲದಾಗ ರಾಜತ್ವವನ್ನು ಪದ್ಧತಿಯಲ್ಲಿ, ಚಿತ್ರದಲ್ಲಿ, ಸಂಗೀತದಲ್ಲಿ, ಗ್ರಂಥದಲ್ಲಿ ಉಳಿಸಿಕೊಳ್ಳಬೇಕಿತ್ತು. ದೇವತಾಮೂರ್ತಿಗಳ ರೂಪ, ಆಯುಧ, ಕಿರೀಟಗಳನ್ನು ಬಣ್ಣದ ಚಿತ್ರಗಳಲ್ಲಿ ದಾಖಲಿಸಿದ ಶ್ರೀತತ್ತ್ವನಿಧಿಯನ್ನು ಅವರು ಮಾಡಿಸಿದರು. ತಮ್ಮ ವಂಶವನ್ನು ಕಮಲದ ದಳಗಳಲ್ಲಿ ಕೂರಿಸಿದ ಸಂತಾನಾಂಬುಜ ಚಿತ್ರ ಬರೆಸಿದರು. 1861ರಲ್ಲಿ ಜಗನ್ಮೋಹನ ಅರಮನೆ ಕಟ್ಟಿಸಿದರು. ಮೇಲುಕೋಟೆಗೆ ಕೃಷ್ಣರಾಜಮುಡಿ ಕೊಟ್ಟವರೂ ಇವರೇ ಎಂಬುದನ್ನು ಇದರ ಜೊತೆಗಿಟ್ಟು ನೋಡಿದರೆ, ಆ ಕಿರೀಟದ ತೂಕ ಬೇರೆಯೇ ಆಗಿ ಕಾಣುತ್ತದೆ.

ಇನ್ನು ದರ್ಬಾರಿನ ನಡಾವಳಿ. ಅತ್ತಿಮರಕ್ಕೆ ಆನೆದಂತದ ಕೆತ್ತನೆ ಹೊದಿಸಿ, ಮೇಲೆ ಚಿನ್ನದ ತಗಡು ಹೊಡೆದ ಸಿಂಹಾಸನವನ್ನು ವರ್ಷವಿಡೀ ಬಿಡಿಭಾಗಗಳಾಗಿ ಕಾವಲಿನಲ್ಲಿಟ್ಟು, ನವರಾತ್ರಿಗೆ ಮುಂಚೆ ಜೋಡಿಸುತ್ತಾರೆ. ಅದರ ಛತ್ರಿಯ ಅಂಚಿನಲ್ಲಿ ಮುಮ್ಮಡಿಯವರನ್ನು ಹರಸುವ ಸಂಸ್ಕೃತ ಶ್ಲೋಕಗಳಿವೆ, ತುದಿಯಲ್ಲಿ ಹಕ್ಕಿಯಿದೆ. ಅದನ್ನು ಹಂಸ ಎನ್ನುವವರಿದ್ದಾರೆ, ಹುಮಾ ಎನ್ನುವವರೂ ಇದ್ದಾರೆ. ಪಾಡ್ಯದ ದಿನ ದೊರೆ ಎಣ್ಣೆನೀರಾಗಿ, ಪೂಜೆ ಮುಗಿಸಿ, ಕಂಕಣ ಕಟ್ಟಿಸಿಕೊಳ್ಳುತ್ತಾರೆ. ಕಂಕಣ ಕಟ್ಟಿದ ಮೇಲೆ ವ್ರತ. ವಿಜಯದಶಮಿಯವರೆಗೆ ಅರಮನೆಯ ಎಲ್ಲೆ ದಾಟುವಂತಿಲ್ಲ, ಕ್ಷೌರವಿಲ್ಲ. ದರ್ಬಾರಿಗೆ ಬಂದ ದೊರೆ ಮೊದಲು ಸಿಂಹಾಸನಕ್ಕೆ ಪ್ರದಕ್ಷಿಣೆ ಬಂದು, ನಮಸ್ಕರಿಸಿ, ಆಮೇಲೆ ಏರುತ್ತಾರೆ. ಹೊಗಳುಭಟರ ಬಹುಪರಾಕು ಮೊಳಗುತ್ತದೆ. ಚಾಮುಂಡಿಬೆಟ್ಟ, ಮೇಲುಕೋಟೆ, ನಂಜನಗೂಡು, ಶ್ರೀರಂಗಪಟ್ಟಣದಂಥ ಕ್ಷೇತ್ರಗಳ ತೀರ್ಥಪ್ರಸಾದ ಬರುತ್ತದೆ. ಪಟ್ಟದ ಆನೆ, ಪಟ್ಟದ ಕುದುರೆ, ಪಟ್ಟದ ಹಸುವಿಗೆ ಪೂಜೆಯಾಗುತ್ತದೆ. ಅರಮನೆಯ ಹೆಂಗಸರು ಮೇಲಿನಿಂದ, ಮರೆಯಲ್ಲಿ ಕುಳಿತು ನೋಡುತ್ತಿದ್ದರು.

ಕೂರುವವನಿಗಿಂತ ಪೀಠ ದೊಡ್ಡದೆಂಬ ಭಾವ ಈ ಪದ್ಧತಿಯ ನಡುಗಂಬ. 2013ರ ಡಿಸೆಂಬರಿನಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ತೀರಿಕೊಂಡು, ಮರುವರ್ಷದ ನವರಾತ್ರಿಗೆ ಪೀಠವೇರಲು ಯಾರೂ ಇರಲಿಲ್ಲ. ಆಗಲೂ ಪೂಜೆ ನಿಲ್ಲಲಿಲ್ಲ. ದೊರೆಯ ಸ್ಥಾನದಲ್ಲಿ ಪಟ್ಟದ ಕತ್ತಿಯನ್ನಿಟ್ಟು ಖಾಸಗಿ ದರ್ಬಾರು ನಡೆಯಿತು. ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ ಪಟ್ಟಾಭಿಷೇಕವಾದದ್ದು 2015ರ ಮೇ 28ರಂದು.

ದರ್ಬಾರಿಗೆ ಬರುವವರ ಉಡುಗೆಗೂ ಕಟ್ಟುನಿಟ್ಟಿತ್ತು. ಉದ್ದನೆಯ ಕೋಟು, ಜರಿಯಂಚಿನ ಬಿಳಿ ಪೇಟ, ಹೆಗಲ ಮೇಲೆ ವಲ್ಲಿ. ದಿವಾನರಿಂದ ಸಂಗೀತ ವಿದ್ವಾಂಸರವರೆಗೆ ತಲೆ ಬೋಳಾಗಿ ಯಾರೂ ಒಳಗೆ ಬರುವಂತಿರಲಿಲ್ಲ. ದೊರೆಯದೂ ಪೇಟ, ದಿವಾನರದೂ ಪೇಟ. ವ್ಯತ್ಯಾಸ ಜರಿಯಲ್ಲಿ, ಹರಳಿನಲ್ಲಿ, ತುರಾಯಿಯಲ್ಲಿ. ಕಿರೀಟವಾಗಿದ್ದರೆ ಒಬ್ಬನದೇ ಆಗುತ್ತಿತ್ತು. ಪೇಟ ಸಭೆಯದಾಯಿತು. ವಿಶ್ವೇಶ್ವರಯ್ಯನವರ ಪೇಟ ಇಂದಿಗೂ ನಮ್ಮ ಶಾಲೆಗಳ ಗೋಡೆಗಳ ಮೇಲೆ ಮೈಸೂರಿನ ಗುರುತಾಗಿ ಉಳಿದದ್ದು ಈ ಕಾರಣಕ್ಕೆ.

ಹಾಗೆಂದು ಆ ಸಭೆಯಲ್ಲಿ ಎಲ್ಲರೂ ಸಮನಾಗಿರಲಿಲ್ಲ. ನವರಾತ್ರಿಯಲ್ಲಿ ಯುರೋಪಿಯನ್ನರಿಗಾಗಿಯೇ ಪ್ರತ್ಯೇಕ ದರ್ಬಾರು ನಡೆಸುವ ಪದ್ಧತಿ 1805ರಲ್ಲಿ ಆರಂಭವಾಯಿತು. ಅವರಿಗೆ ಕುರ್ಚಿ, ನಮ್ಮವರಿಗೆ ನೆಲ. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರಾಗಿ ಮೈಸೂರಿಗೆ ಬಂದ ಹೊಸತರಲ್ಲಿ ಈ ಭೇದವನ್ನು ಕಂಡು ಮರುವರ್ಷ ದರ್ಬಾರಿಗೆ ಹೋಗಲಿಲ್ಲ, ಕಾರಣ ಕೇಳಿದಾಗ ನೇರವಾಗಿ ಹೇಳಿದರು, ಆಮೇಲೆ ಎಲ್ಲರಿಗೂ ಕುರ್ಚಿ ಬಂತು ಎಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಒಂದು ಆಸ್ಥಾನದ ಪದ್ಧತಿ ಒಬ್ಬ ನೌಕರನ ಗೈರುಹಾಜರಿಯಿಂದ ತಿದ್ದಿಕೊಂಡಿತು ಎಂಬುದು ಆ ನೌಕರನಿಗೂ ದೊಡ್ಡ ಮಾತು, ದೊರೆಯಾಗಿದ್ದ ನಾಲ್ವಡಿಯವರಿಗೂ ದೊಡ್ಡ ಮಾತು.

ಅದಕ್ಕೂ ಮುಂಚೆ ಇನ್ನೊಂದು ದೊಡ್ಡ ತಿದ್ದುಪಡಿ ಆಗಿತ್ತು. 1881ರ ಮಾರ್ಚ್ 25ರಂದು ಆಡಳಿತ ಒಡೆಯರಿಗೆ ಮರಳಿತು. ದಿವಾನ್ ರಂಗಾಚಾರ್ಲು ಅದೇ ವರ್ಷದ ದಸರಾ ಹೊತ್ತಿಗೆ ತಾಲ್ಲೂಕುಗಳ ಪ್ರತಿನಿಧಿಗಳನ್ನು ಮೈಸೂರಿಗೆ ಕರೆಸಿದರು. ಅಕ್ಟೋಬರ್ 7ರಂದು 144 ಜನ ಸೇರಿದರು. ಹೀಗೆ ಪ್ರಜಾಪ್ರತಿನಿಧಿ ಸಭೆ ಹುಟ್ಟಿತು. ಒಡ್ಡೋಲಗ ನೋಡಲು ಬರುತ್ತಿದ್ದ ರೈತರು, ವರ್ತಕರು ಈಗ ಕೆರೆ, ರಸ್ತೆ, ಕಂದಾಯದ ಮಾತಾಡಲು ಬಂದರು. ದರ್ಬಾರಿನ ನೆರಳಿನಲ್ಲೇ ಅದರ ಬದಲಿ ಬೆಳೆಯಿತು. ಹಳ್ಳಿಯ ರುಮಾಲಿಗೆ ಮೈಸೂರಿನ ಸಭೆಯಲ್ಲಿ ಜಾಗ ಸಿಕ್ಕಿದ್ದು ಆಗ.

ಈ ದರ್ಬಾರಿನಲ್ಲಿ ಬೆಳಕವಾಡಿಯ ಹೆಸರೂ ಮೊಳಗಿತು. ನಾಲ್ವಡಿಯವರ ಕಾಲದ ಆಸ್ಥಾನ ಗಾಯಕರಲ್ಲಿ ಬೆಳಕವಾಡಿ ಶ್ರೀನಿವಾಸ ಅಯ್ಯಂಗಾರ್ಯರು ಒಬ್ಬರು. ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ಮೈಸೂರು ವಾಸುದೇವಾಚಾರ್ಯರಂಥವರಿದ್ದ ಕಾಲದಲ್ಲಿ ಆಸ್ಥಾನ ವಿದ್ವಾಂಸರೆನ್ನಿಸಿಕೊಳ್ಳುವುದು ಸಾಮಾನ್ಯದ ಮಾತಲ್ಲ. ಶೇಷಣ್ಣನವರಿಗೆ ವೈಣಿಕ ಶಿಖಾಮಣಿ ಎಂಬ ಬಿರುದು ಬಂದದ್ದು ಈ ದೊರೆಯಿಂದಲೇ. ಬಿರುದಿನ ಜೊತೆ ಖಿಲ್ಲತ್ತು ಕೊಡುವುದು ಪದ್ಧತಿ. ಶಾಲುಜೋಡಿ ಹೊದ್ದು ಹೊರಬಂದ ವಿದ್ವಾಂಸನ ಊರೂ ಅವನ ಜೊತೆ ಮನ್ನಣೆ ಪಡೆಯುತ್ತಿತ್ತು. ಊರಿನ ಹೆಸರು ವ್ಯಕ್ತಿಯ ಹೆಸರಿಗೆ ಮುಂದಾಗಿ ನಿಲ್ಲುವ ನಮ್ಮ ರೂಢಿಯಿಂದಾಗಿ, ಸಂಗೀತದ ಚರಿತ್ರೆ ಓದುವ ಯಾರಿಗೂ ಬೆಳಕವಾಡಿ ಅಪರಿಚಿತವಲ್ಲ.

ದರ್ಬಾರಿನ ದೀಪಗಳಿಗೂ ನಮ್ಮ ಹೊಳೆಯ ಸಂಬಂಧವಿದೆ. ಬೆಳಕವಾಡಿಯ ನೆರೆಯ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿಗೆ, ಆಮೇಲೆ ಮೈಸೂರಿಗೆ. ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಸುಟ್ಟುಹೋಗಿತ್ತು. ಹೆನ್ರಿ ಇರ್ವಿನ್ ವಿನ್ಯಾಸದ ಹೊಸ ಅರಮನೆ 41 ಲಕ್ಷ ರೂಪಾಯಿಗೂ ಮೀರಿದ ವೆಚ್ಚದಲ್ಲಿ 1912ಕ್ಕೆ ಮುಗಿಯಿತು. ಬೆಂಕಿಗೆ ಹೋದ ಅರಮನೆಯ ಜಾಗದಲ್ಲಿ ಎದ್ದ ಅರಮನೆ ಗಗನಚುಕ್ಕಿಯ ನೀರಿನ ಬಲದಿಂದ ಬೆಳಗಿತು.

ಪೇಟದ ಎದುರಿಗೆ ಇನ್ನೊಂದು ತಲೆಯುಡುಗೆ ಬಂದು ನಿಂತದ್ದೂ ಈ ಜಿಲ್ಲೆಯಲ್ಲೇ. 1938ರ ಏಪ್ರಿಲಿನಲ್ಲಿ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಬಿಳಿ ಟೋಪಿ ತೊಟ್ಟವರು ನಿಷೇಧಾಜ್ಞೆ ಮೀರಿ ರಾಷ್ಟ್ರಧ್ವಜ ಹಾರಿಸಿ ಸೆರೆ ಹೋದರು. ಖಾದಿ ಟೋಪಿಗೆ ಜರಿಯಿಲ್ಲ, ತುರಾಯಿಯಿಲ್ಲ, ಯಾರು ಬೇಕಾದರೂ ತೊಡಬಹುದು. ಮರುವರ್ಷ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. 1947ರ ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಚಳವಳಿ ನಡೆದು, ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಅಧಿಕಾರಕ್ಕೆ ಬಂತು. 1971ರಲ್ಲಿ ರಾಜಧನವೂ ರಾಜರ ಮಾನ್ಯತೆಯೂ ರದ್ದಾದವು. ಅಂಬಾರಿಯಲ್ಲಿ ಮಹಾರಾಜರು ಕೂರುತ್ತಿದ್ದ ಜಾಗಕ್ಕೆ ಚಾಮುಂಡೇಶ್ವರಿಯ ಮೂರ್ತಿ ಬಂತು. ಮುಡಿಯ ವಿಷಯದಲ್ಲಿ ರಾಜ ಒಡೆಯರು ಮೊದಲೇ ಒಪ್ಪಿದ್ದ ಕ್ರಮವನ್ನು ಅಂಬಾರಿ ತಡವಾಗಿ ಅನುಸರಿಸಿತು.

ಹಾಗಾದರೆ ಕಿರೀಟ ತೊಟ್ಟ ದೊರೆಯನ್ನು ನಮ್ಮ ಜನ ಎಲ್ಲಿ ಕಂಡರು? ಬಯಲಲ್ಲಿ, ರಾತ್ರಿಯ ಹೊತ್ತು. ಮೂಡಲಪಾಯ ಬಯಲಾಟದ ಒಡ್ಡೋಲಗದಲ್ಲಿ ದೊರೆ ರಂಗಕ್ಕೆ ಬಂದಾಗ ಸಾರಥಿ ಎದುರು ನಿಂತು ತಾವು ಯಾರು, ಯಾವ ದೇಶ, ಬಂದ ಕಾರಣವೇನು ಎಂದು ಕೇಳುತ್ತಾನೆ. ದೊರೆ ತನ್ನನ್ನು ತಾನೇ ಬಣ್ಣಿಸಿಕೊಳ್ಳಬೇಕು. ನಿಜವಾದ ಆಸ್ಥಾನದಲ್ಲಿ ಪ್ರಜೆ ಕೇಳಲಾಗದ ಪ್ರಶ್ನೆಯನ್ನು ಸಾರಥಿ ಎಲ್ಲರ ಪರವಾಗಿ ಕೇಳುತ್ತಾನೆ. ಆಮೇಲೆ ಕಂಪನಿ ನಾಟಕದ ಪ್ರಭಾವ ಹಳ್ಳಿಗೆ ಬಂತು. ಬಸವಪ್ಪ ಶಾಸ್ತ್ರಿಗಳ ಶಾಕುಂತಲ ಅರಮನೆಯ ಆಶ್ರಯದ ನಾಟಕ ಮಂಡಳಿಯಲ್ಲಿ ಮೆರೆಯಿತು. ಗುಬ್ಬಿ ಕಂಪನಿಗೆ ಬಿ. ಪುಟ್ಟಸ್ವಾಮಯ್ಯನವರು ಬರೆದ ಕುರುಕ್ಷೇತ್ರದ ಹಾದಿಯಲ್ಲಿ ಮಂಡ್ಯ ಜಿಲ್ಲೆಯ ಊರೂರಿನಲ್ಲಿ ಕುರುಕ್ಷೇತ್ರ ಆಡುವುದು ಆರಂಭವಾಯಿತು. ಅದು ಇಂದಿಗೂ ನಿಂತಿಲ್ಲ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ. ಪಾತ್ರಕ್ಕೆ ಇಷ್ಟೆಂದು ಹಣ ಕಟ್ಟಬೇಕು, ದುರ್ಯೋಧನನ ಪಾತ್ರಕ್ಕೆ ಹೆಚ್ಚು. ಸೀನರಿಯವರು ಪರದೆ, ಸಿಂಹಾಸನ, ಗದೆ, ಕಿರೀಟಗಳನ್ನು ಲಾರಿಯಲ್ಲಿ ತರುತ್ತಾರೆ. ಹಗಲು ಕಬ್ಬು ಕಡಿದ, ಭತ್ತ ಒಕ್ಕಿದ ರೈತ ರಾತ್ರಿ ಭುಜಕೀರ್ತಿ ಕಟ್ಟಿ, ರಟ್ಟು ಬೇಗಡೆಗಳ ಕಿರೀಟ ತೊಟ್ಟು, ಕಂದ ಹಾಡಿ, ಹಸ್ತಿನಾವತಿಯನ್ನು ಆಳುತ್ತಾನೆ. ಎದುರಿಗೆ ಕೂತ ನೆಂಟರು ನೋಟಿನ ಹಾರ ಹಾಕುತ್ತಾರೆ. ಇದನ್ನು ಕೀಳಾಗಿ ನೋಡುವ ಪಟ್ಟಣದ ದೃಷ್ಟಿಯನ್ನು ನಾನು ಒಪ್ಪುವುದಿಲ್ಲ. ದೊರೆತನ ಯಾವುದಕ್ಕೆ ಕೆಡುತ್ತದೆ, ಛಲ ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ದುರ್ಯೋಧನನಾಗಿ ಹಾಡಿದವನಷ್ಟು ಆಳವಾಗಿ ಓದಿದವನೂ ತಿಳಿದಿರಲಾರ.

ನಮ್ಮ ಸೀಮೆಯಲ್ಲಿ ಪಟ್ಟ ಕಟ್ಟದ ಇನ್ನೊಂದು ಆಸ್ಥಾನವೂ ಇದೆ. ಬೆಳಕವಾಡಿಯ ಮಗ್ಗುಲಿನ ಬೊಪ್ಪೇಗೌಡನಪುರದಲ್ಲಿ ಧರೆಗೆ ದೊಡ್ಡವರಾದ ಮಂಟೇಸ್ವಾಮಿಯವರ ಗದ್ದುಗೆ ಇದೆ. ಅಲ್ಲಿನ ಗುರುಗಳು ಅರಸು ಕುಲದವರು. ಪುಷ್ಯ ಹುಣ್ಣಿಮೆಯ ಚಿಕ್ಕಲ್ಲೂರು ಜಾತ್ರೆಯಲ್ಲಿ ಚಂದ್ರಮಂಡಲಕ್ಕೆ ಬೆಂಕಿ ಇಡುವ ಮರ್ಯಾದೆ ಅವರದು. ನೀಲಗಾರರು ರಾತ್ರಿಯೆಲ್ಲ ಹಾಡುವ ಆ ಪರಂಪರೆಯಲ್ಲಿ ಹೆಗಲಿಗೇರುವುದು ಅದರ ಲಾಂಛನವಾದ ಕಂಡಾಯ, ದೊರೆಯ ಪಲ್ಲಕ್ಕಿಯಲ್ಲ. ಅದರ ಕಥೆ ದೊಡ್ಡದು, ಬೇರೆಯೇ ಲೇಖನಕ್ಕೆ ಬಿಡಬೇಕಾದದ್ದು.

ಮೇಲುಕೋಟೆಯ ಮುಡಿಗಳ ಇಂದಿನ ನಡಾವಳಿಯನ್ನು ಹೇಳದೆ ಈ ಚರಿತ್ರೆ ಪೂರ್ತಿಯಾಗುವುದಿಲ್ಲ. ಎಲ್ಲಕ್ಕಿಂತ ಹಿರಿದಾದ ವೈರಮುಡಿಯನ್ನು ಗರುಡ ತಂದನೆಂದು ಐತಿಹ್ಯ. ವೈರಮುಡಿ, ರಾಜಮುಡಿಗಳು ಮಂಡ್ಯದ ಜಿಲ್ಲಾ ಖಜಾನೆಯಲ್ಲಿರುತ್ತವೆ. ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ತಿರುವಾಭರಣದ ಪೆಟ್ಟಿಗೆಗಳು ಹೊರಡುತ್ತವೆ. ದಾರಿಯುದ್ದಕ್ಕೂ ಹಳ್ಳಿಯ ಜನ ನಿಂತು ಪೂಜೆ ಮಾಡುತ್ತಾರೆ. ಮೇಲುಕೋಟೆಯಲ್ಲಿ ಅಧಿಕಾರಿಗಳು, ಸ್ಥಾನೀಕರು, ಅರ್ಚಕರ ಎದುರು ಆಭರಣಗಳ ಪಾರ್ಕಾವಣೆ ನಡೆಯುತ್ತದೆ. ಪಟ್ಟಿ ಹಿಡಿದು ಒಂದೊಂದನ್ನೂ ಹೋಲಿಸಿ ನೋಡಿ ಒಪ್ಪಿಸಿಕೊಳ್ಳುವುದೇ ಪಾರ್ಕಾವಣೆ. ವೈರಮುಡಿಯನ್ನು ಹಗಲು ಬೆಳಕಿಗೆ ತೋರಿಸುವಂತಿಲ್ಲ. ಅರ್ಚಕರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅದನ್ನು ದೇವರಿಗೆ ತೊಡಿಸುತ್ತಾರೆ. ರಾತ್ರಿ ಗರುಡವಾಹನದ ಮೇಲೆ ರಾಜಬೀದಿಗಳಲ್ಲಿ ಉತ್ಸವ ನಡೆದು, ಅದು ಮುಗಿದ ಮೇಲೆ ವೈರಮುಡಿಯನ್ನು ತೆಗೆದು ರಾಜಮುಡಿ ತೊಡಿಸುತ್ತಾರೆ. ಕೃಷ್ಣರಾಜಮುಡಿಯ ಉತ್ಸವ ಆಷಾಢದಲ್ಲಿ. ದೊರೆ ಕೊಟ್ಟ ಕಿರೀಟವನ್ನು ಇಂದು ಕಾಯುವುದು ಚುನಾಯಿತ ಸರ್ಕಾರದ ಖಜಾನೆ, ಲೆಕ್ಕ ಒಪ್ಪಿಸುವುದು ಜಿಲ್ಲಾಡಳಿತ. ದೊರೆ ಹೋದರೂ ಮುಡಿಯ ಮರ್ಯಾದೆ ಕೆಡದಂತೆ ಉಳಿದ ಪದ್ಧತಿ ಇದು. ಹೀಗೆ ಉಳಿಸಿಕೊಂಡದ್ದು ಈ ಜಿಲ್ಲೆಯ ಹೆಚ್ಚುಗಾರಿಕೆ ಎಂದು ನಾನು ತಿಳಿದಿದ್ದೇನೆ.

ಪೇಟಕ್ಕೆ ಮಾತ್ರ ಅಂಥ ಪಾರ್ಕಾವಣೆ ಯಾರೂ ಮಾಡಲಿಲ್ಲ. ಸನ್ಮಾನದ ವೇದಿಕೆಗಳಲ್ಲಿ ಮೈಸೂರು ಪೇಟ ತೊಡಿಸುವುದು ನಡೆದಿದೆ. ಅದು ಹೊಲಿದು ನಿಲ್ಲಿಸಿದ ಸಿದ್ಧ ಪೇಟ, ಐದು ನಿಮಿಷ ತಲೆಯಲ್ಲಿದ್ದು ಕೈಗೆ ಬರುತ್ತದೆ. ತಲೆಗೆ ಸುತ್ತಿ ಕಟ್ಟುವ ಕೈಗಳು ಕಡಿಮೆಯಾಗುತ್ತಿವೆ. ಪಟೇಲರ, ಶಾನುಭೋಗರ, ಪ್ರಜಾಪ್ರತಿನಿಧಿ ಸಭೆಗೆ ಹೋಗಿ ಬಂದವರ, ವಿದ್ವಾಂಸರ ಹಳೆಯ ಚಿತ್ರಗಳು ಅಟ್ಟದ ಮೇಲೆ ಗೆದ್ದಲಿಗೆ ಸಿಗುತ್ತಿವೆ. ನಾಟಕದ ಹಳೆಯ ಕರಪತ್ರಗಳೂ ಮೇಷ್ಟ್ರುಗಳ ಕೈಬರಹದ ಪದಗಳ ಪುಸ್ತಕಗಳೂ ಅದೇ ದಾರಿ ಹಿಡಿದಿವೆ. ಬೆಳಕವಾಡಿ, ಬೊಪ್ಪೇಗೌಡನಪುರ, ಮಳವಳ್ಳಿ, ಮದ್ದೂರಿನ ಮನೆಗಳಲ್ಲಿ ಇಂಥದೇನಾದರೂ ಇದ್ದರೆ ದಯವಿಟ್ಟು ತೆಗೆದು ನೋಡಿ. ಚಿತ್ರದ ಹಿಂಬದಿಯಲ್ಲಿ ಯಾರು, ಯಾವ ಊರು, ಯಾವ ವರ್ಷ ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಸನದು, ಕಾಗದಪತ್ರಗಳ ನಕಲು ಮಾಡಿಸಿ ಊರಿನ ಶಾಲೆಗೋ ಗ್ರಂಥಾಲಯಕ್ಕೋ ಕೊಡಿ. ಪೇಟ ಕಟ್ಟಬಲ್ಲ ಹಿರಿಯರು ನಿಮ್ಮ ಬೀದಿಯಲ್ಲಿದ್ದರೆ ಮುಂದಿನ ಹಬ್ಬದ ದಿನ ಒಬ್ಬ ಹುಡುಗನನ್ನು ಅವರ ಮುಂದೆ ಕೂರಿಸಿ.